ಹಳೆ ಕಾರಿಗೆ ಕ್ಯಾಬಿನ್ ಏರ್ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷದ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಗ್ಯಾರೇಜಿನಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಾರ್ಕಿಂಗಿನಲ್ಲಿ ಕೇಳಿದ ಪ್ರಶ್ನೆಗಳು ಇವು. ಸುಲಭದ್ದು ಮೊದಲು, ತಲೆಕೆಡಿಸುವಂಥದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕು.

## ಮೊದಲ ಅನುಮಾನಗಳು

ಸರ್ವಿಸ್ ಮಾಡಿಸುವಾಗ ಏರ್ ಫಿಲ್ಟರ್ ಬದಲಾಯಿಸ್ತಾರಲ್ಲ, ಕ್ಯಾಬಿನ್ ಫಿಲ್ಟರ್ ಅಂದ್ರೆ ಅದೇನಾ?

ಅಲ್ಲ. ಅದು ಎಂಜಿನ್ ಎಳೆದುಕೊಳ್ಳುವ ಗಾಳಿಗೆ. ಕ್ಯಾಬಿನ್ ಫಿಲ್ಟರ್ ಇರೋದು ನೀವು ಉಸಿರಾಡುವ ಗಾಳಿಗೆ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ ಕಪ್ಪು ಜಾಲರಿ ಇರುತ್ತದೆ. ಹೊರಗಿನ ಗಾಳಿ ಅಲ್ಲಿಂದ ಒಳಗೆ ಬರುತ್ತದೆ. ಡ್ಯಾಶ್‌ಬೋರ್ಡಿನ ಎಡಗಡೆ ಒಳಗಿರುವ ಬ್ಲೋವರ್ ಅದನ್ನು ಎಳೆದು ಕೂಲಿಂಗ್ ಕಾಯಿಲ್ ಮೇಲೆ ಹಾಯಿಸಿ ನಿಮ್ಮ ಮುಖಕ್ಕೆ ಬಿಡುತ್ತದೆ. ಈ ದಾರಿಯ ನಡುವೆ ಎಲ್ಲೋ ಒಂದು ಕಡೆ ಮಡಿಕೆ ಮಡಿಕೆಯಾದ ಬಿಳಿ ಹಾಳೆಯ ಫಿಲ್ಟರ್ ಕೂತಿರಬೇಕು. ಬಹಳಷ್ಟು ಹಳೆ ಕಾರುಗಳಲ್ಲಿ ಅದೇ ಇಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಎಸಿ ಫಿಲ್ಟರ್’ ಅಂತ ಕೇಳಿ, ಬೇಗ ಅರ್ಥವಾಗುತ್ತದೆ.

ನನ್ನ ಕಾರಿನಲ್ಲಿ ಫಿಲ್ಟರ್ ಇದೆಯೋ ಇಲ್ವೋ? ಮೆಕ್ಯಾನಿಕ್ ಒಂದು ಹೇಳ್ತಾನೆ, ಸರ್ವಿಸ್ ಸೆಂಟರಿನವರು ಇನ್ನೊಂದು ಹೇಳ್ತಾರೆ.

ಯಾರನ್ನೂ ಕೇಳಬೇಡಿ, ನೀವೇ ನೋಡಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ ಕೆಳಗಿಳಿಸಿ, ಮೊಬೈಲ್ ಟಾರ್ಚ್ ಹಿಡಿದು ಹಿಂದೆ ಬಗ್ಗಿ ನೋಡಿ. ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬಿ ಕಾಣುತ್ತದೆ. ಅದರ ಮೇಲೆ ಉದ್ದನೆಯ ಆಯತಾಕಾರದ ಮುಚ್ಚಳ ಇದ್ದು, ತುದಿಯಲ್ಲಿ ಒತ್ತುವ ಕ್ಲಿಪ್ ಇದ್ದರೆ ಫಿಲ್ಟರ್ ಜಾಗ ಅದೇ. ತೆಗೆದು ನೋಡಿ. ಒಳಗೆ ಫಿಲ್ಟರ್ ಇರಬಹುದು, ಬರೀ ಖಾಲಿ ಗೂಡೂ ಇರಬಹುದು.

ಕ್ಲಿಪ್ ಇಲ್ಲದೆ ಬರೀ ಆಯತಾಕಾರದ ಗೆರೆ ಅಚ್ಚಾಗಿದ್ದರೆ, ಗೂಡು ಒಳಗಿದ್ದು ಬಾಯಿ ಬಂದ್ ಆಗಿದೆ ಅಂತ ಅರ್ಥ. ಗೆರೆಯೂ ಇಲ್ಲದೆ ಪ್ಲಾಸ್ಟಿಕ್ ನುಣ್ಣಗಿದ್ದರೆ ಬೇರೆ ಕಡೆಯೂ ಹುಡುಕಬೇಕು. ಕೆಲವು ಕಾರುಗಳಲ್ಲಿ ಫಿಲ್ಟರ್ ಬಾನೆಟ್ ಕೆಳಗೆ, ವೈಪರ್ ಜಾಲರಿಯ ಅಡಿಯಲ್ಲಿರುತ್ತದೆ. ಕೆಲವದರಲ್ಲಿ ಗೇರ್ ಹತ್ತಿರದ ಪಕ್ಕದ ಪ್ಲಾಸ್ಟಿಕ್ ಒಳಗಿರುತ್ತದೆ. ಈ ಹುಡುಕಾಟಕ್ಕೆ ಒಂದು ಪೈಸೆ ಖರ್ಚಿಲ್ಲ. ಇದನ್ನು ಮಾಡದೆ ಫಿಲ್ಟರ್ ಕೊಳ್ಳಬೇಡಿ.

ಗೂಡು ಮಾಡಿ ಫಿಲ್ಟರ್ ಮಾತ್ರ ಕೊಟ್ಟಿಲ್ಲ ಅಂದ್ರೆ ಹೇಗೆ? ಕಂಪನಿಯವರಿಗೆ ಏನು ಕಷ್ಟ?

ದುಡ್ಡು ಉಳಿಸೋದು, ಅಷ್ಟೇ. ಡ್ಯಾಶ್‌ಬೋರ್ಡ್ ಒಳಗಿನ ಡಬ್ಬಿಯನ್ನು ಒಂದೇ ಅಚ್ಚಿನಲ್ಲಿ ತೆಗೆಯುತ್ತಾರೆ. ಅದೇ ಡಬ್ಬಿ ಟಾಪ್ ಮಾಡೆಲ್ಲಿಗೂ ಹೋಗುತ್ತದೆ, ಕಡಿಮೆ ಬೆಲೆಯದಕ್ಕೂ ಹೋಗುತ್ತದೆ, ಬೇರೆ ದೇಶಕ್ಕೂ ಹೋಗುತ್ತದೆ. ಫಿಲ್ಟರ್ ಮಾತ್ರ ಬೆಲೆ ನೋಡಿ ಹಾಕುತ್ತಾರೆ. ಕೆಲವು ನೂರು ರೂಪಾಯಿಯ ವಸ್ತುವನ್ನು ಬಿಟ್ಟು, ಧೂಳು ಇಷ್ಟಿರುವ ನಾಡಿನಲ್ಲಿ ಕಾರು ಮಾರಿದ್ದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ನಮಗೆ ಆದ ಲಾಭ ಅಂದ್ರೆ, ಗೂಡು ಅಲ್ಲೇ ಉಳಿದಿದೆ.

ಗಾಜು ಏರಿಸಿ, ಒಳಗಿನ ಗಾಳಿಯೇ ತಿರುಗೋ ಹಾಗೆ ಬಟನ್ ಒತ್ತಿದ್ರೆ ಸಾಕಲ್ವಾ?

ಲಾರಿ ಹೊಗೆಯ ಹಿಂದೆ ಸಿಕ್ಕಿಕೊಂಡಾಗ ಒಳ್ಳೆಯ ಉಪಾಯ. ಆದರೆ ಸದಾ ಹಾಗೇ ಇಡೋದು ಬೇಡ. ನಾಲ್ಕೈದು ಜನ ಕೂತ ಕಾರಿನಲ್ಲಿ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಬೇಗ ಜಾಸ್ತಿಯಾಗುತ್ತದೆ. ತಲೆ ಭಾರ ಆಗುತ್ತದೆ, ತೂಕಡಿಕೆ ಬರುತ್ತದೆ. ಉದ್ದ ಪ್ರಯಾಣದಲ್ಲಿ ಡ್ರೈವರಿಗೆ ಇದು ಅಪಾಯ.

ಇನ್ನೊಂದು ವಿಷಯ ಇದೆ. ಒಳಗೂ ಧೂಳು ಇರುತ್ತದೆ. ಚಪ್ಪಲಿಯ ಮಣ್ಣು, ಸೀಟಿನ ನೂಲು, ತಲೆಕೂದಲು ಎಲ್ಲವೂ ಬ್ಲೋವರಿನ ಮೂಲಕ ಹೋಗಿ ಒದ್ದೆಯಾಗಿರುವ ಕೂಲಿಂಗ್ ಕಾಯಿಲ್‌ಗೆ ಅಂಟಿಕೊಳ್ಳುತ್ತವೆ. ಫಿಲ್ಟರ್ ಇಲ್ಲದ ಹಳೆ ಕಾರಿನ ಕಾಯಿಲ್ ಬಿಚ್ಚಿದರೆ ಮುಂಭಾಗದಲ್ಲಿ ಬೂದು ಬಣ್ಣದ ಕಂಬಳಿಯಂಥ ಪದರ ಸಿಗುತ್ತದೆ. ತಣ್ಣಗಾಗದ ಎಸಿಗೆ ಗ್ಯಾಸ್ ಹಾಕಿಸುತ್ತಾ ಹೋಗುವ ಎಷ್ಟೋ ಜನರ ನಿಜವಾದ ತೊಂದರೆ ಆ ಪದರ.

ಅಮ್ಮನಿಗೆ ಧೂಳಿನ ಅಲರ್ಜಿ. ಫಿಲ್ಟರ್ ಹಾಕಿಸಿದ್ರೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಾ?

ಪರಾಗ ಮತ್ತು ರಸ್ತೆ ಧೂಳಿನಿಂದ ಸೀನು ಬರುವವರಿಗೆ ಗೊತ್ತಾಗುತ್ತದೆ. ಹೂವಿನ ಪರಾಗ ಸಾಮಾನ್ಯವಾಗಿ 10 ಮೈಕ್ರಾನಿಗಿಂತ ದೊಡ್ಡದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಸಾದಾ ಫಿಲ್ಟರ್ ಕೂಡ ಅದನ್ನು ಚೆನ್ನಾಗಿ ತಡೆಯುತ್ತದೆ. ನಮ್ಮ ಖಾಲಿ ಸೈಟು, ರಸ್ತೆ ಬದಿಯಲ್ಲೆಲ್ಲ ಬೆಳೆದು ನಿಂತಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅಲರ್ಜಿಗೆ ದೊಡ್ಡ ಕಾರಣ.

ಡೀಸೆಲ್ ಹೊಗೆಯ ಸಣ್ಣ ಕಣಗಳ ವಿಷಯ ಬೇರೆ. ಪಿಎಂ 2.5 ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣ. ಸಾದಾ ಫಿಲ್ಟರ್ ಅದರಲ್ಲಿ ಒಂದಷ್ಟನ್ನು ಮಾತ್ರ ಹಿಡಿಯುತ್ತದೆ. ಅಮ್ಮನಿಗೆ ಉಬ್ಬಸ ಇದ್ದರೆ ಇದನ್ನು ಔಷಧಿಯ ಬದಲು ಅಂದುಕೊಳ್ಳಬೇಡಿ. ಇನ್‌ಹೇಲರ್ ಬ್ಯಾಗಿನಲ್ಲೇ ಇರಲಿ.

## ಹಾಕುವ ಕೆಲಸ

ಗ್ಲೋವ್ ಬಾಕ್ಸ್ ನಾನೇ ಬಿಚ್ಚಬಹುದಾ? ಅಲ್ಲೇ ಏರ್‌ಬ್ಯಾಗ್ ಇದೆ, ಭಯ ಆಗುತ್ತೆ.

ಬಿಚ್ಚಬಹುದು. ಬಹಳಷ್ಟು ಕಾರುಗಳಲ್ಲಿ ಬಾಕ್ಸಿನ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ತಡೆಯುವ ಗುಬುಟುಗಳು ಜಾರಿ ಬಾಕ್ಸ್ ಪೂರ್ತಿ ಕೆಳಗೆ ಬರುತ್ತದೆ. ಒಂದು ಪಕ್ಕದಲ್ಲಿ ಸಣ್ಣ ದಾರವೋ ಕಡ್ಡಿಯೋ ಇದ್ದರೆ ಮೊದಲು ಅದನ್ನು ಬಿಡಿಸಿ. ಕೆಲವದರಲ್ಲಿ ಮೂರ್ನಾಲ್ಕು ಸ್ಕ್ರೂ ಇರುತ್ತವೆ.

ಪ್ಯಾಸೆಂಜರ್ ಏರ್‌ಬ್ಯಾಗ್ ಇರೋದು ಮೇಲೆ, ಡ್ಯಾಶ್‌ಬೋರ್ಡಿನಲ್ಲಿ. ಗ್ಲೋವ್ ಬಾಕ್ಸ್ ಇಳಿಸಿದ ಮಾತ್ರಕ್ಕೆ ಅದಕ್ಕೆ ಏನೂ ಆಗುವುದಿಲ್ಲ. ಕೀ ತೆಗೆದಿಡಿ. ಹಳದಿ ಬಣ್ಣದ ವೈರ್ ಅಥವಾ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಏರ್‌ಬ್ಯಾಗಿನ ವೈರಿಂಗಿಗೆ ಆ ಬಣ್ಣ ಬಳಸುತ್ತಾರೆ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಬಿಚ್ಚದೆ ಫಿಲ್ಟರ್ ಜಾಗ ಸಿಗುವುದೇ ಇಲ್ಲ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ, ಗೊತ್ತಿರುವವರ ಹತ್ತಿರ ಹೋಗಿ.

ಗೂಡಿನ ಬಾಯಿ ಬಂದ್ ಆಗಿದೆ. ಬ್ಲೇಡಿನಲ್ಲಿ ಕತ್ತರಿಸಿ ಅಂತಾರೆ. ಕಾರು ಹಾಳಾಗಲ್ವಾ?

ಸರಿಯಾಗಿ ಮಾಡಿದರೆ ಹಾಳಾಗಲ್ಲ. ಆತುರಪಟ್ಟರೆ ದೊಡ್ಡ ಖರ್ಚು ಬರುತ್ತದೆ. ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಮೊದಲು ಖಚಿತ ಮಾಡಿಕೊಳ್ಳಿ. ನಿಮ್ಮ ಕಾರಿನದೇ ಮಾಡೆಲ್, ಅದೇ ತಲೆಮಾರು, ಫಿಲ್ಟರ್ ಇರುವ ಟಾಪ್ ವೇರಿಯಂಟ್ ಯಾರ ಹತ್ತಿರವಾದರೂ ಇದ್ದರೆ ಅದರ ಗ್ಲೋವ್ ಬಾಕ್ಸ್ ಇಳಿಸಿ ನೋಡಿ. ಅಲ್ಲಿ ಮುಚ್ಚಳ ಎಲ್ಲಿದೆಯೋ ನಿಮ್ಮದರಲ್ಲಿ ಗೆರೆ ಅಲ್ಲೇ ಇರಬೇಕು. ಅಳತೆ ತಾಳೆಯಾಗದೆ ಬ್ಲೇಡ್ ಇಡಬೇಡಿ.

ಗೆರೆಯ ಉದ್ದಕ್ಕೂ ಪ್ಲಾಸ್ಟಿಕ್ ಸ್ವಲ್ಪ ತೆಳ್ಳಗಿರುತ್ತದೆ. ಗಟ್ಟಿ ಕಟ್ಟರ್ ಬ್ಲೇಡಿನಿಂದ ಹಗುರವಾಗಿ ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಎಳೆಯಿರಿ. ಒಂದೇ ಸಲಕ್ಕೆ ಚುಚ್ಚಬೇಡಿ. ಕೆಲವು ಕಾರುಗಳಲ್ಲಿ ಆ ಪ್ಲಾಸ್ಟಿಕ್ಕಿನ ಹಿಂದೆ ಸ್ವಲ್ಪ ದೂರದಲ್ಲೇ ಕೂಲಿಂಗ್ ಕಾಯಿಲ್ ಇರುತ್ತದೆ. ಅದು ತೆಳು ಅಲ್ಯುಮಿನಿಯಂ. ಬ್ಲೇಡಿನ ತುದಿ ತಾಗಿ ತೂತಾದರೆ ಎಸಿ ಗ್ಯಾಸ್ ಪೂರ್ತಿ ಹೋಗುತ್ತದೆ. ಬ್ಲೇಡಿನ ತುದಿಯನ್ನು ಕೆಲವೇ ಮಿಲಿಮೀಟರ್ ಹೊರಗೆ ಬಿಟ್ಟು, ಉಳಿದದ್ದಕ್ಕೆ ಟೇಪ್ ಸುತ್ತಿಬಿಟ್ಟರೆ ಕೈ ಜಾರಿದರೂ ಆಳಕ್ಕೆ ಹೋಗುವುದಿಲ್ಲ. ಡ್ರಿಲ್, ಕಾಯಿಸಿದ ಚಾಕು ಎರಡೂ ಬೇಡ.

ಕೊನೆಯ ಮೂಲೆ ಬಿಡಿಸುವ ಮುಂಚೆ ಆ ತುಂಡಿನ ಮೇಲೆ ಅಗಲವಾದ ಟೇಪ್ ಅಂಟಿಸಿ ಹಿಡಿಯಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ತುಂಡು ಒಳಗೆ ಬೀಳುತ್ತದೆ. ಬ್ಲೋವರಿನ ಚಕ್ರಕ್ಕೆ ಬಿದ್ದ ಒಂದು ಚೂರು ಸಾಕು, ಫ್ಯಾನ್ ಹಾಕಿದಾಗಲೆಲ್ಲ ಟಕಟಕ ಅನ್ನುತ್ತದೆ. ಅಂಚನ್ನು ಮರಳು ಕಾಗದದಿಂದ ಉಜ್ಜುವಾಗ ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿದಿರಿ. ಎಲ್ಲ ಪುಡಿ ತೆಗೆಯುವವರೆಗೆ ಬ್ಲೋವರ್ ಹಾಕಬೇಡಿ.

ತೆಗೆದು ನೋಡಿದ್ರೆ ಒಳಗೆ ಎಲೆ, ಕಡ್ಡಿ, ಇಲಿ ಗೂಡು! ಏನು ಮಾಡ್ಲಿ?

ಮರದಡಿ ಕಾರು ನಿಲ್ಲಿಸುವವರಿಗೆಲ್ಲ ಇದು ಮಾಮೂಲು. ಗುಲ್‌ಮೊಹರಿನ ಪುಟ್ಟ ಎಲೆಗಳು, ಬೇಸಿಗೆಯಲ್ಲಿ ಉದುರುವ ಹೊಂಗೆ ಹೂವು ವೈಪರ್ ಜಾಲರಿಯಲ್ಲಿ ಸಲೀಸಾಗಿ ಇಳಿಯುತ್ತವೆ. ಎಲೆಗಳನ್ನು ಕೈಯಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯಿರಿ.

ಇಲಿಯ ಗಲೀಜಿದ್ದರೆ ಮಾತ್ರ ಒಣಗಿದ್ದನ್ನು ಗುಡಿಸಬೇಡಿ, ಊದಬೇಡಿ, ವ್ಯಾಕ್ಯೂಮೂ ಬೇಡ. ಇಲಿ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಗವಸು, ಮಾಸ್ಕ್ ಹಾಕಿ, ಸೋಂಕುನಾಶಕ ದ್ರಾವಣದಲ್ಲಿ ನೆನೆಸಿದ ಬಟ್ಟೆಯಿಂದ ಒದ್ದೆ ಮಾಡಿ ಒರೆಸಿ ತೆಗೆಯಿರಿ. ಬ್ಲೋವರ್ ಮೋಟರನ್ನು ಕೆಳಗಿನಿಂದ ಬಿಚ್ಚಿ ಚಕ್ರದ ಸಂದುಗಳನ್ನೂ ನೋಡಿಸಿ. ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಅದಿಲ್ಲದಿದ್ದರೆ ಹೊಸ ಫಿಲ್ಟರನ್ನೂ ಇಲಿ ಹರಿದು ಗೂಡು ಮಾಡುತ್ತದೆ.

ಯಾವ ಸೈಜಿನ ಫಿಲ್ಟರ್ ತರಬೇಕು? ಅಂಗಡಿಯವರು ನನ್ನ ವೇರಿಯಂಟಿಗೆ ಇಲ್ಲವೇ ಇಲ್ಲ ಅಂತಾರೆ.

ವೇರಿಯಂಟ್ ಹೇಳಬೇಡಿ. ಅದೇ ವರ್ಷದ ಟಾಪ್ ವೇರಿಯಂಟಿನ ಎಸಿ ಫಿಲ್ಟರ್ ಕೊಡಿ ಅನ್ನಿ. ಜೊತೆಗೆ ಗೂಡಿನ ಉದ್ದ, ಅಗಲ, ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಬೆಂಗಳೂರಿನವರಾದರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅಳತೆ ಹಿಡಿದು ಓಡಾಡಿದರೆ ಕೆಲಸ ಆಗುತ್ತದೆ.

ಹಾಕಿದ ಮೇಲೆ ನಾಲ್ಕೂ ಅಂಚು ಗೂಡಿಗೆ ತಾಗಿರಬೇಕು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟರೆ ಧೂಳು ಆ ಸಂದಿನಿಂದಲೇ ಬರುತ್ತದೆ, ಎಷ್ಟು ದುಬಾರಿ ಫಿಲ್ಟರ್ ಇದ್ದರೂ. ಸಂದು ಸಣ್ಣದಾದರೆ ಅಂಚಿಗೆ ಅಂಟಿಸುವ ಸ್ಪಂಜಿನ ಪಟ್ಟಿ ಸಾಕು. ದೊಡ್ಡದಾದರೆ ಅದು ನಿಮ್ಮ ಕಾರಿನ ಫಿಲ್ಟರ್ ಅಲ್ಲ, ವಾಪಸ್ ಕೊಡಿ.

ಫಿಲ್ಟರ್ ಮೇಲಿನ ಬಾಣ ಯಾವ ಕಡೆ ಇರಬೇಕು?

‘ಏರ್ ಫ್ಲೋ’ ಅಂತ ಬರೆದ ಬಾಣ ಗಾಳಿ ಹೋಗುವ ದಿಕ್ಕಿಗೆ ಇರಬೇಕು. ಬ್ಲೋವರಿನ ಮೇಲೆ ಫಿಲ್ಟರ್ ಮಲಗಿದ್ದರೆ ಗಾಳಿ ಕೆಳಕ್ಕೆ ಹೋಗುತ್ತದೆ. ಬ್ಲೋವರ್ ಮತ್ತು ಕಾಯಿಲ್ ನಡುವೆ ನಿಂತಿದ್ದರೆ, ನಮ್ಮ ದೇಶದ ಕಾರುಗಳಲ್ಲಿ ಎಡಬಾಗಿಲ ಕಡೆಯಿಂದ ಗೇರ್ ಕಡೆಗೆ ಹೋಗುತ್ತದೆ. ಬರೀ ‘ಅಪ್’ ಅಂತ ಇದ್ದರೆ ಅದು ಗಾಳಿಯ ದಿಕ್ಕಲ್ಲ, ಆ ಅಂಚು ಮೇಲೆ ಬರಬೇಕು ಅಂತ ಅಷ್ಟೇ.

ಕತ್ತರಿಸಿದ ಮೇಲೆ ಮುಚ್ಚಳಕ್ಕೆ ಏನು ಮಾಡೋದು?

ಟಾಪ್ ವೇರಿಯಂಟಿನ ಮುಚ್ಚಳ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಕತ್ತರಿಸಿದ ತುಂಡನ್ನೇ ಸ್ಪಂಜ್ ಪಟ್ಟಿ ಅಂಟಿಸಿ ವಾಪಸ್ ಕೂರಿಸಿ, ಸುತ್ತಲೂ ಗಟ್ಟಿ ಟೇಪ್ ಹಾಕಬಹುದು. ಆ ತುಂಡನ್ನು ಎಸೆಯಬೇಡಿ ಅನ್ನೋದು ಇದಕ್ಕೇ.

ಮಗ ಅಮೆರಿಕದಲ್ಲಿ ಓದ್ತಿದ್ದಾನೆ, 2005ರ ಕೊರೋಲಾ ತಗೊಂಡಿದ್ದಾನೆ. ಅದರಲ್ಲೂ ಫಿಲ್ಟರ್ ಇಲ್ವಂತೆ, ಹೌದಾ?

ಹೌದು. ಅಲ್ಲಿ ಮಾರಾಟವಾದ 2003ರಿಂದ 2008ರವರೆಗಿನ ಕೊರೋಲಾ ಈ ವಿಷಯಕ್ಕೆ ಹೆಸರುವಾಸಿ. ಗ್ಲೋವ್ ಬಾಕ್ಸ್ ಹಿಂದೆ ಗೂಡು ಇದೆ, ಬಾಯಿ ಬಂದ್. ಕತ್ತರಿಸುವ ವಿಧಾನ ಮೇಲೆ ಹೇಳಿದ್ದೇ. ಫಿಲ್ಟರ್ ಕೂರಿಸಲು ಚೌಕಟ್ಟು ಬೇಕಾ ಅಂತ ಕೊಳ್ಳುವಾಗ ಕೇಳಲಿ. ಅಲ್ಲಿ ಸ್ಟೀರಿಂಗ್ ಎಡಗಡೆ ಇರುವುದರಿಂದ ಗ್ಲೋವ್ ಬಾಕ್ಸ್, ಬ್ಲೋವರ್ ಎರಡೂ ಬಲಗಡೆ ಇರುತ್ತವೆ. ಕ್ಯಾಲಿಫೋರ್ನಿಯಾದ ಕಡೆ ಇದ್ದರೆ ಕಾಳ್ಗಿಚ್ಚಿನ ಹೊಗೆ ಬರುವ ತಿಂಗಳುಗಳಿಗೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಲಿ.

## ಆಯ್ಕೆ ಮತ್ತು ನಿಗಾ

ಬಿಳಿ ಫಿಲ್ಟರ್ ತಗೊಳ್ಳೋದಾ, ಕಪ್ಪು ಕಾರ್ಬನ್ ಫಿಲ್ಟರ್ ತಗೊಳ್ಳೋದಾ?

ಬಿಳಿಯದು ಧೂಳು ತಡೆಯುತ್ತದೆ. ಕಾರ್ಬನ್ ಇರುವುದು ಅದರ ಜೊತೆಗೆ ಒಂದಷ್ಟು ವಾಸನೆ, ಹೊಗೆಯ ಅನಿಲಗಳನ್ನೂ ಹೀರುತ್ತದೆ. ಟ್ರಾಫಿಕ್ಕಿನಲ್ಲೇ ದಿನ ಕಳೆಯುವವರಿಗೆ ಕಾರ್ಬನ್ ಒಳ್ಳೆಯದು. ಹಳ್ಳಿಯ ಮಣ್ಣು ರಸ್ತೆಯಲ್ಲಿ ಜಾಸ್ತಿ ಓಡಾಡುವವರು ಬಿಳಿಯದನ್ನೇ ತಂದು ಬೇಗ ಬೇಗ ಬದಲಾಯಿಸೋದು ಜಾಣತನ. ಬರೀ ಕಪ್ಪು ಬಣ್ಣ ಬಳಿದ ಹಾಳೆಯೂ ಮಾರಾಟಕ್ಕಿದೆ. ನಿಜವಾದ ಕಾರ್ಬನ್ ಫಿಲ್ಟರ್ ಕೈಗೆ ಸ್ವಲ್ಪ ತೂಕ ಅನ್ನಿಸುತ್ತದೆ, ಮಡಿಕೆ ಬಿಡಿಸಿದರೆ ಪದರದೊಳಗೆ ಕರಿ ಹರಳು ಕಾಣುತ್ತವೆ.

ತೊಳೆದು ಮತ್ತೆ ಹಾಕಬಹುದಾ?

ಬೇಡ. ಈ ಹಾಳೆಯ ಎಳೆಗಳಲ್ಲಿ ಸಣ್ಣ ಕಣಗಳನ್ನು ಸೆಳೆಯುವ ವಿದ್ಯುತ್ ಗುಣ ಇರುತ್ತದೆ. ಸೋಪು ನೀರಿಗೆ ಅದು ಹೋಗುತ್ತದೆ. ಸರಿಯಾಗಿ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಎಳೆಗಳು ಹರಿಯುತ್ತವೆ. ಎಲೆ, ನೂಲು ಕೂತಿದ್ದರೆ ಕಸದ ಬುಟ್ಟಿಗೆ ಮೆಲ್ಲಗೆ ತಟ್ಟಿ, ಅಷ್ಟು ಸಾಕು.

ಎಷ್ಟು ದಿನಕ್ಕೆ ಬದಲಾಯಿಸಬೇಕು?

ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೆ, ಯಾವುದು ಮೊದಲೋ ಅದು. ಬಳ್ಳಾರಿ, ಸಂಡೂರಿನ ಕೆಂಧೂಳಿನಲ್ಲಿ ಓಡಾಡುವ ಕಾರಿಗೆ ಅದರ ಅರ್ಧಕ್ಕೇ ಬೇಕಾಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಧೂಳಿಲ್ಲದಿದ್ದರೂ ಬದಲಾಯಿಸಿ. ಫಿಲ್ಟರ್ ಒದ್ದೆಯಾಗಿದ್ದರೆ ವೈಪರ್ ಜಾಲರಿಯ ಕೆಳಗಿನ ನೀರು ಹೋಗುವ ತೂತು ಎಲೆಯಿಂದ ಕಟ್ಟಿರುತ್ತದೆ. ಮೊದಲು ಅದನ್ನು ಬಿಡಿಸಿ.

ಫಿಲ್ಟರ್ ಹಾಕಿದ ಮೇಲೆ ಗಾಳಿ ಕಡಿಮೆ ಬರ್ತಿದೆ. ತೆಗೆದುಬಿಡ್ಲಾ?

ಸ್ವಲ್ಪ ಕಡಿಮೆಯಾಗೋದು ಸಹಜ, ಬ್ಲೋವರನ್ನು ಒಂದು ಪಾಯಿಂಟ್ ಜಾಸ್ತಿ ಇಟ್ಟುಕೊಳ್ಳಿ. ತುಂಬಾ ಕಡಿಮೆಯಾದರೆ ಕಾಯಿಲ್ ಮೊದಲೇ ಕಟ್ಟಿರುತ್ತದೆ, ಫಿಲ್ಟರ್ ಅದನ್ನು ಎತ್ತಿ ತೋರಿಸಿದೆ ಅಷ್ಟೇ. ಕಾಯಿಲ್ ಕ್ಲೀನ್ ಮಾಡಿಸಿ ನಂತರ ಹೊಸ ಫಿಲ್ಟರ್ ಹಾಕಿ. ಹಾಕುವ ಕ್ರಮವೇ ಅದು.

ಕಟ್ಟಿಹೋದ ಫಿಲ್ಟರನ್ನು ಹಾಗೇ ಬಿಡುವುದೂ ತಪ್ಪು. ಗಾಳಿ ಸಾಲದೆ ಕಾಯಿಲ್ ಮೇಲೆ ಐಸ್ ಕಟ್ಟಬಹುದು. ಬ್ಲೋವರಿನ ವೇಗ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್ ತಣ್ಣಗಾಗೋದು ಇದೇ ಗಾಳಿಯಿಂದ, ಅದೂ ಸುಟ್ಟುಹೋಗಬಹುದು.

## ಇನ್ನೂ ಆಳಕ್ಕೆ

ನನ್ನದು ಮಾರುತಿ 800. ಗೂಡೇ ಇಲ್ಲ. ಏನೂ ದಾರಿ ಇಲ್ವಾ?

1983ರಿಂದ 2014ರವರೆಗೆ ತಯಾರಾದ ಕಾರು ಅದು, ಇನ್ನೂ ಎಷ್ಟೋ ಮನೆಗಳಲ್ಲಿ ಚೆನ್ನಾಗಿ ಓಡುತ್ತಿದೆ. ಅಂಬಾಸಿಡರ್ ಇಟ್ಟವರೂ ಇದೇ ಕೇಳುತ್ತಾರೆ. ಗಾಳಿ ಎಳೆಯುವ ಬಾಯಿ ಎಲ್ಲಿದೆ ಹುಡುಕಿ, ಅಲ್ಲಿ ತಡೆ ಹಾಕಬೇಕು. ಹೊರಗಿನ ಗಾಳಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಎಲೆ, ಹುಳ ನಿಲ್ಲುತ್ತವೆ. ಆಮೇಲೆ ಹೊರಗಿನಿಂದ ಜೋಡಿಸಿದ, ಡ್ಯಾಶ್ ಕೆಳಗೆ ನೇತಾಡುವ ಎಸಿ ಇದ್ದರೆ ಅದು ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಅದರ ಎಳೆಯುವ ಜಾಲರಿಗೆ ಮನೆಯ ಸ್ಪ್ಲಿಟ್ ಎಸಿಗೆ ಹಾಕುವ ತೆಳು ಫಿಲ್ಟರ್ ಹಾಳೆಯನ್ನು ಕತ್ತರಿಸಿ ಹಾಕಬಹುದು. ದಪ್ಪ ಸ್ಪಂಜು, ಹಳೆ ಬಟ್ಟೆ ತುರುಕಬೇಡಿ, ಗಾಳಿ ನಿಂತು ಐಸ್ ಕಟ್ಟುತ್ತದೆ. ಸಣ್ಣ ಕಣಗಳೂ ಕಡಿಮೆಯಾಗಬೇಕು ಅಂದ್ರೆ 12 ವೋಲ್ಟಿನ ಏರ್ ಪ್ಯೂರಿಫೈಯರ್ ಇಡಿ. ಒಳಗೆ ನಿಜವಾದ ಫಿಲ್ಟರ್ ಇರುವುದನ್ನೇ ಕೊಳ್ಳಿ. ಬರೀ ಲೈಟು, ಸುವಾಸನೆ ಕೊಡುವುದಕ್ಕೆ ದುಡ್ಡು ಹಾಕಬೇಡಿ.

ಹೆಪಾ ಫಿಲ್ಟರ್ ಅಂತ ಸಿಗುತ್ತಲ್ಲ, ಅದನ್ನೇ ಹಾಕಿಬಿಟ್ರೆ?

ನಿಜವಾದ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ 99.97% ಹಿಡಿಯಬೇಕು. ಅಷ್ಟು ದಟ್ಟ ಹಾಳೆಯಲ್ಲಿ ಗಾಳಿ ತೂರಿಸಲು ದೊಡ್ಡ ಫಿಲ್ಟರ್, ಬಲವಾದ ಬ್ಲೋವರ್ ಬೇಕು. ಹಳೆ ಸಣ್ಣ ಕಾರಿನ ಗೂಡಿಗೆ ಆ ಶಕ್ತಿ ಇಲ್ಲ. ಒಳ್ಳೆಯ ಕಂಪನಿಯ ಸಾದಾ ಅಥವಾ ಕಾರ್ಬನ್ ಫಿಲ್ಟರ್ ಬಿಗಿಯಾಗಿ ಕೂತಿದ್ದರೆ ಅದೇ ವಾಸಿ.

ಸಂದಿನಿಂದ ಗಾಳಿ ಹೋಗ್ತಿದೆಯಾ ಇಲ್ವಾ ಅಂತ ಪರೀಕ್ಷೆ ಮಾಡೋದು ಹೇಗೆ?

ಊದುಬತ್ತಿ ಹಚ್ಚಿ. ಬ್ಲೋವರ್ ಜೋರಾಗಿಟ್ಟು, ಫಿಲ್ಟರ್ ಮುಚ್ಚಳದ ಸುತ್ತ ಹೊಗೆ ಹಿಡಿಯಿರಿ, ಕಿಡಿ ಪ್ಲಾಸ್ಟಿಕ್ಕಿಗೆ ತಾಗದ ಹಾಗೆ. ಫಿಲ್ಟರ್ ಬ್ಲೋವರಿಗಿಂತ ಮುಂಚೆ ಇದ್ದರೆ ಸಂದಿರುವ ಕಡೆ ಹೊಗೆ ಒಳಕ್ಕೆ ಎಳೆಯುತ್ತದೆ. ಅಂದರೆ ಡ್ಯಾಶ್ ಒಳಗಿನ ಧೂಳು ಶೋಧಿಸದೆ ಹೋಗುತ್ತಿದೆ. ಫಿಲ್ಟರ್ ಬ್ಲೋವರಿನ ನಂತರ ಇದ್ದರೆ ಹೊಗೆ ಹೊರಕ್ಕೆ ಚದುರುತ್ತದೆ, ಕೆಲವೊಮ್ಮೆ ಸೀಟಿ ಶಬ್ದವೂ ಬರುತ್ತದೆ. ಆಗ ತಂಪು ಗಾಳಿ ಗ್ಲೋವ್ ಬಾಕ್ಸ್ ಹಿಂದೆ ಪೋಲಾಗುತ್ತಿದೆ. ಎರಡಕ್ಕೂ ಪರಿಹಾರ ಸ್ಪಂಜ್ ಪಟ್ಟಿ.

ಪಿಎಂ 2.5 ಮೀಟರ್ ತಂದಿದ್ದೀನಿ. ಕಾರಿನಲ್ಲಿ ಹೇಗೆ ಅಳೆದ್ರೆ ಸರಿ?

ಊದುಬತ್ತಿ ಪರೀಕ್ಷೆ ಮಾಡಿದ ದಿನ ಬೇಡ, ಆ ಹೊಗೆಯೇ ಅಂಕಿ ಏರಿಸುತ್ತದೆ. ಗಾಜು ಇಳಿಸಿ ಹೊರಗಿನ ಅಂಕಿ ಬರೆದುಕೊಳ್ಳಿ. ಗಾಜು ಏರಿಸಿ, ಹೊರಗಿನ ಗಾಳಿ ಬರೋ ಹಾಗೆ ಬಟನ್ ಇಟ್ಟು ಕೆಲವು ನಿಮಿಷ ಬಿಟ್ಟು ನೋಡಿ, ನಂತರ ಒಳಗಿನ ಗಾಳಿಯೇ ತಿರುಗೋ ಹಾಗೆ ಹಾಕಿ ನೋಡಿ. ಎರಡನೆಯದರಲ್ಲಿ ಅಂಕಿ ಇನ್ನೂ ಕೆಳಗೆ ಬಂದರೆ ಸಂತೋಷಪಡಿ: ಅದೇ ಗಾಳಿ ಫಿಲ್ಟರಿನಲ್ಲಿ ಮತ್ತೆ ಮತ್ತೆ ಹಾದು ಪ್ರತಿ ಸಲ ಒಂದಷ್ಟು ಕಣ ಬಿಟ್ಟುಹೋಗುತ್ತದೆ. ಫಿಲ್ಟರ್ ಬಾನೆಟ್ ಕಡೆಯಿಂದ ಹಾಕುವಂಥ ಕೆಲವು ಕಾರುಗಳಲ್ಲಿ ಹೊರಗಿನ ಗಾಳಿ ಮಾತ್ರ ಶೋಧನೆಯಾಗುತ್ತದೆ, ಅಲ್ಲಿ ಈ ಲಾಭ ಸಿಗುವುದಿಲ್ಲ.

ಹೋಲಿಕೆಗೆ, ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40.

ಕಾರ್ಬನ್ ಫಿಲ್ಟರ್ ಇದ್ರೆ ಎಂಜಿನ್ ಆನ್ ಮಾಡಿ, ಎಸಿ ಹಾಕಿ ಕಾರಿನಲ್ಲೇ ಮಲಗಬಹುದಾ?

ಖಂಡಿತ ಮಲಗಬೇಡಿ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಫಿಲ್ಟರ್ ಸೇರಿ ಯಾವ ಕ್ಯಾಬಿನ್ ಫಿಲ್ಟರೂ ತಡೆಯುವುದಿಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೆ ಕಾರಿನಲ್ಲಿ ಸೈಲೆನ್ಸರ್ ತೂತಾಗಿರಬಹುದು, ಡಿಕ್ಕಿಯ ರಬ್ಬರ್ ಸವೆದಿರಬಹುದು. ನಿಂತ ಕಾರಿನೊಳಗೆ ಹೊಗೆ ಸೇರಿದರೆ ಮಲಗಿದವರಿಗೆ ಎಚ್ಚರವೇ ಆಗದೆ ಪ್ರಾಣ ಹೋಗಬಹುದು. ರಾತ್ರಿ ಕಣ್ಣು ಎಳೆಯುತ್ತಿದ್ದರೆ ಜನ ಇರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಜು ಸ್ವಲ್ಪ ಇಳಿಸಿ ಮಲಗಿ. ಕಾರಿನೊಳಗೆ ಹೊಗೆ ವಾಸನೆ ಬರುತ್ತಿದ್ದರೆ ಫಿಲ್ಟರ್ ಕೆಲಸ ಆಮೇಲೆ ಇಟ್ಟುಕೊಳ್ಳಿ, ಮೊದಲು ಸೈಲೆನ್ಸರ್ ತೋರಿಸಿ.